ಗಂಡೇ ಇಲ್ಲದ ತೊಟ್ಟಿ: ಒಂದು ಕ್ರೇಫಿಶ್ ಪ್ರಕರಣ

2016ರ ಸೆಪ್ಟೆಂಬರ್. ಪರಿಚಯದ ಕನ್ನಡ ಕುಟುಂಬವೊಂದರಿಂದ ಫೋನ್ ಬಂತು. "ಸರ್, ನಮ್ಮನೆ ಅಕ್ವೇರಿಯಂನಲ್ಲಿ ಲಾಬ್‌ಸ್ಟರ್ ಮರಿಗಳು ಜಾಸ್ತಿ ಆಗಿಬಿಟ್ಟಿವೆ. ನಿಮಗೊಂದು ಹತ್ತು ಕೊಡ್ಲಾ?" ಮದುವೆ ಮನೆಯಲ್ಲಿ ಮಿಕ್ಕ ಲಾಡು ಹಂಚುವ ಧಾಟಿ. ನಾನು ಜೀವಶಾಸ್ತ್ರ ಓದಿ ಬೇರೆ ಕೆಲಸಕ್ಕೆ ಸೇರಿದವನು, ಮೀನು ಸಾಕುವ ಹುಚ್ಚು ಮಾತ್ರ ಬಿಟ್ಟಿಲ್ಲ. ಹಾಗಾಗಿ ಈ ಥರದ ಫೋನ್‌ಗಳು ನನಗೆ ಬರುತ್ತವೆ.

ಇದು ನಡೆದದ್ದು ನೈಋತ್ಯ ಜರ್ಮನಿಯಲ್ಲಿ, ರೈನ್ ನದಿ ಬಯಲಿನ ಒಂದು ಸಣ್ಣ ಊರಲ್ಲಿ. ಊರು, ಕೆರೆ, ಕಚೇರಿ, ಮನೆಯವರು ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆ ಮನೆಯವರಿಗೆ ಓದಿ ಹೇಳಿದ ಮೇಲೇ ಇಲ್ಲಿ ಹಾಕುತ್ತಿದ್ದೇನೆ.

ಹಿನ್ನೆಲೆ

2015ರ ವಸಂತದಲ್ಲಿ ಮಗಳಿಗೆ ಒಂಬತ್ತು ತುಂಬಿತು. ನಾಯಿ ಬೇಕು ಅಂತ ಹಟ. ಬಾಡಿಗೆ ಮನೆ, ನಾಯಿ ಆಗದು. ಅಪ್ಪ ಅರವತ್ತು ಲೀಟರಿನ ಗಾಜಿನ ತೊಟ್ಟಿ ತಂದರು. ಜಾಹೀರಾತು ನೋಡಿ ಪಕ್ಕದ ಊರಿನ ಹವ್ಯಾಸಿಯೊಬ್ಬರಿಂದ ಮೂರು ಯೂರೋಗೆ ಒಂದು ಪ್ರಾಣಿಯನ್ನೂ ತಂದರು. ಚೀಲದ ಮೇಲೆ ಬರೆದಿದ್ದು "ಸಿಹಿನೀರಿನ ಪುಟ್ಟ ಲಾಬ್‌ಸ್ಟರ್" ಅಂತ ಅಷ್ಟೇ.

ನಮ್ಮವರು ಇದನ್ನು ಗುರುತಿಸದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಗದ್ದೆಯಲ್ಲಿ ಏಡಿ ಇದೆ, ಹೊಳೆಯಲ್ಲಿ ಸಿಗಡಿ ಇದೆ. ಕ್ರೇಫಿಶ್ ಇಲ್ಲ. ಭಾರತ ಉಪಖಂಡದಲ್ಲಿ ಸಹಜವಾಗಿ ಬದುಕುವ ಕ್ರೇಫಿಶ್ ಒಂದೂ ಇಲ್ಲ, ಆಫ್ರಿಕಾದ ಮುಖ್ಯ ಭೂಭಾಗದಲ್ಲೂ ಇಲ್ಲ. ಸಿಗಡಿಯ ಮೈಗೆ ಏಡಿಯ ಕೈ ಜೋಡಿಸಿದ ಹಾಗಿರುವ ಈ ಪ್ರಾಣಿಯಲ್ಲಿ 600ಕ್ಕೂ ಹೆಚ್ಚು ಪ್ರಭೇದಗಳಿವೆ. ದಕ್ಷಿಣಾರ್ಧ ಗೋಳದವು ಒಂದು ಕವಲು, ಉತ್ತರದವು ಇನ್ನೊಂದು. ಉತ್ತರದ ಕವಲಿನಲ್ಲಿ ಯೂರೋಪಿನವು ಅಸ್ಟಾಸಿಡೇ ಕುಟುಂಬ. ಅಮೆರಿಕದ ಬಹುಪಾಲು ಕ್ಯಾಂಬರಿಡೇ ಕುಟುಂಬ.

ಈ ಕುಟುಂಬದ ಲೆಕ್ಕ ಸುಮ್ನೆ ಪುಸ್ತಕದ ಮಾತಲ್ಲ. ಅಮೆರಿಕದ ಕ್ರೇಫಿಶ್‌ಗಳು ಮೈಮೇಲೆ ಒಂದು ರೋಗಾಣುವನ್ನು ಹೊತ್ತುಕೊಂಡೇ ಆರಾಮಾಗಿ ಬದುಕುತ್ತವೆ: ಅಫನೊಮೈಸಿಸ್ ಅಸ್ಟಾಸಿ. ಅಡಿಕೆಗೆ ಕೊಳೆರೋಗ ತರುತ್ತದಲ್ಲ, ಆ ಗುಂಪಿನದೇ ಜೀವಿ, ನೀರಲ್ಲಿ ಈಜುವ ಬೀಜಾಣು ಬಿಡುತ್ತದೆ. ಯೂರೋಪಿನ ಕ್ರೇಫಿಶ್‌ಗೆ ತಗುಲಿದರೆ ಇಡೀ ಹಳ್ಳ ಖಾಲಿ. 1859ರ ಸುಮಾರಿಗೆ ಇಟಲಿಯಲ್ಲಿ ಶುರುವಾದ ಈ ಪ್ಲೇಗ್ ಯೂರೋಪಿನ ನದಿಗಳನ್ನೆಲ್ಲ ಸುತ್ತಿತು. ತಮಾಷೆ ಅಂದರೆ, ಸತ್ತ ಕ್ರೇಫಿಶ್‌ಗಳ ಜಾಗ ತುಂಬಲು ಅಂತ ಅಮೆರಿಕದಿಂದ ಬೇರೆ ಪ್ರಭೇದಗಳನ್ನು ತಂದು ಬಿಟ್ಟರು. ರೋಗ ಹೊತ್ತವನ್ನೇ ಕರೆತಂದು ಮನೆ ಕೊಟ್ಟ ಹಾಗಾಯಿತು.

ಸಮಸ್ಯೆ

ಮಗಳು ನೋಟ್‌ಬುಕ್ ಇಟ್ಟಿದ್ದಳು. ನೂರು ಪುಟದ ರೂಲ್ಡ್ ಪುಸ್ತಕ, ಮೇಲೊಂದು ಕುದುರೆ ಸ್ಟಿಕರ್. ಈ ಪ್ರಕರಣದಲ್ಲಿ ಎಲ್ಲರಿಗಿಂತ ಜಾಣತನದ ಕೆಲಸ ಮಾಡಿದ್ದು ಆ ಪುಸ್ತಕವೇ. ಅದರ ಪ್ರಕಾರ 2015ರ ಅಕ್ಟೋಬರ್‌ನಲ್ಲಿ ಮೊದಲ ಮೊಟ್ಟೆ ಕಂಡಿತು. ಬಾಲದ ಅಡಿಯಲ್ಲಿ ಕಪ್ಪು ದ್ರಾಕ್ಷಿ ಗೊಂಚಲಿನ ಹಾಗೆ. ಮರಿಗಳು ಹೊರಬಂದ ಮೇಲೂ ಕೆಲವು ದಿನ ತಾಯಿಯ ಹೊಟ್ಟೆಗೇ ಜೋತುಬಿದ್ದಿದ್ದವು. ಮನೆಮಂದಿಯೆಲ್ಲ ಖುಷಿಯಾದರು. "ತರುವಾಗಲೇ ಬಸುರಿ ಇತ್ತೇನೋ," ಅಂತ ಅಮ್ಮ ಅಂದರಂತೆ.

ಎರಡನೇ ಸಲ, ಮೂರನೇ ಸಲ. ಬೇಸಿಗೆ ಬರುವ ಹೊತ್ತಿಗೆ ಪ್ಲಾಸ್ಟಿಕ್ ಟಬ್, ಹಳೆ ಬಕೆಟ್, ಉಪ್ಪಿನಕಾಯಿ ಜಾಡಿ ಎಲ್ಲದರಲ್ಲೂ ಮರಿಗಳು. ಒಂದನ್ನೊಂದು ತಿನ್ನುತ್ತಿದ್ದವು, ಆದರೂ ಕಮ್ಮಿ ಆಗಲಿಲ್ಲ. ಐದು ಮನೆಗಳಿಗೆ 23 ಮರಿ ಹಂಚಿದರು.

ನನಗೆ ಫೋನ್ ಬಂದಾಗ ಫೋಟೋ ಕಳಿಸಿ ಅಂದೆ. ಮೇಲಿನಿಂದ ತೆಗೆದ ಮಸುಕು ಫೋಟೋ. "ಸ್ಪೈನಿ-ಚೀಕ್ ಇರಬೇಕು, ಇಲ್ಲಿ ಎಲ್ಲ ಕಡೆ ಇದೆ," ಅಂದುಬಿಟ್ಟೆ. ಕೆನ್ನೆಯ ಮೇಲೆ ಮುಳ್ಳಿರುವ ಅಮೆರಿಕದ ಪ್ರಭೇದ ಅದು, ಜರ್ಮನಿಗೆ ಬಂದು ನೂರು ವರ್ಷದ ಮೇಲಾಯಿತು. ನನ್ನ ಮಾತು ಪೂರ್ತಿ ತಪ್ಪು. ಫೋಟೋ ನೋಡಿ ಹೆಸರು ಹೇಳುವ ಚಟ ನನಗೆ ಆಮೇಲೆ ಹೋಯಿತು.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ತೊಟ್ಟಿ ಹತ್ತಿರ ಕೂತು ನೋಡಿದ ಕೂಡಲೇ ಎದೆ ಧಸಕ್ ಎಂದಿತು. ಮೈಮೇಲೆ ಅಮೃತಶಿಲೆಯಂಥ ಬಿಳಿ-ಕಂದು ಚಿತ್ತಾರ. ಕೈಗಳು ತೀರಾ ಸಣ್ಣವು. ಸ್ಪೈನಿ-ಚೀಕ್‌ಗೆ ಇರುವ ಕೈತುದಿಯ ಕಿತ್ತಳೆ ಬಣ್ಣ ಇಲ್ಲ, ಬಾಲದ ಕೆಂಗಂದು ಪಟ್ಟೆ ಇಲ್ಲ. ಒಂದನ್ನು ಬೆನ್ನಿಗೆ ಹಿಡಿದು ಮೇಲೆತ್ತಿ ಹೊಟ್ಟೆ ನೋಡಿದೆ. ಕೊನೆಯ ಎರಡು ಜೋಡಿ ಕಾಲುಗಳ ಬುಡದ ನಡುವೆ ಪುಟ್ಟ ಉಬ್ಬು. ಕ್ಯಾಂಬರಿಡೇ ಹೆಣ್ಣಿಗೆ ವೀರ್ಯ ಕೂಡಿಟ್ಟುಕೊಳ್ಳಲು ಇರುವ ಚೀಲ ಅದು. ಗಂಡಾಗಿದ್ದರೆ ಹೊಟ್ಟೆಯಡಿಯ ಮೊದಲ ಎರಡು ಜೋಡಿ ಈಜುಗಾಲು ಗಟ್ಟಿ ಕಡ್ಡಿಗಳಾಗಿ ಮುಂದಕ್ಕೆ ಚಾಚಿರುತ್ತವೆ. ಇನ್ನೊಂದನ್ನು ಎತ್ತಿದೆ. ಹೆಣ್ಣು. ಮತ್ತೊಂದು. ಹೆಣ್ಣು. ನೋಡಲು ಸಾಕಷ್ಟು ದೊಡ್ಡವಿದ್ದ 18ನ್ನೂ ಬೆನ್ನಡಿ ಮಾಡಿ ನೋಡಿದೆವು. ಗಂಡು ಒಂದೂ ಇಲ್ಲ.

ಮಾರ್ಬಲ್ಡ್ ಕ್ರೇಫಿಶ್. ಜರ್ಮನ್ನರು ಮಾರ್ಮೊರ್‌ಕ್ರೆಬ್ಸ್ ಅನ್ನುತ್ತಾರೆ.

ಹೆಸರಿಲ್ಲದ ಪ್ರಾಣಿ

ಇದರ ಕತೆಯೂ ಸುಳ್ಳು ಹೆಸರಿನಿಂದಲೇ ಶುರು. 1995ರಲ್ಲಿ ಜರ್ಮನಿಯ ಹವ್ಯಾಸಿಯೊಬ್ಬರು ಅಮೆರಿಕದ ವ್ಯಾಪಾರಿಯಿಂದ "ಟೆಕ್ಸಾಸ್ ಕ್ರೇಫಿಶ್" ಅಂತ ಒಂದು ಚೀಲ ಕೊಂಡರು. ಮರಿಗಳು ಎಷ್ಟಾದವು ಅಂದರೆ ಗೆಳೆಯರಿಗೆ ಹಂಚಿದರು, ಗೆಳೆಯರೂ ಹಂಚಿದರು. 2003ರಲ್ಲಿ ಬರ್ಲಿನ್‌ನ ಗೆರ್‌ಹಾರ್ಡ್ ಶೋಲ್ಟ್ಸ್ ತಂಡ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು: ಇದು ಗಂಡಿನ ಸಹಾಯವೇ ಇಲ್ಲದೆ ಮರಿ ಹಾಕುತ್ತದೆ. ಮರಿಗಳೆಲ್ಲ ಹೆಣ್ಣು, ಎಲ್ಲ ತಾಯಿಯ ತದ್ರೂಪು. ಹತ್ತಿರದ ನಂಟ ಟೆಕ್ಸಾಸಿನದಲ್ಲ, ಫ್ಲೋರಿಡಾ ಮತ್ತು ದಕ್ಷಿಣ ಜಾರ್ಜಿಯಾದ ಪ್ರೊಕ್ಯಾಂಬರಸ್ ಫ್ಯಾಲಕ್ಸ್. ಅದಕ್ಕೆ ಗಂಡೂ ಇದೆ, ಹೆಣ್ಣೂ ಇದೆ. ನಮ್ಮ ಮಾರ್ಬಲ್ಡ್ ಮಾತ್ರ ಕ್ರೋಮೋಸೋಮ್‌ಗಳ ಮೂರು ಕಟ್ಟು ಹೊತ್ತಿದೆ, ಒಟ್ಟು 276. ಕಾಡಿನಲ್ಲಿ ಇದರ ತವರು ಅಂತ ಯಾವ ಹೊಳೆಯೂ ಸಿಕ್ಕಿಲ್ಲ.

ಹಾಗಾದರೆ ಇದು ಬೇರೆ ಪ್ರಭೇದವೋ, ಫ್ಯಾಲಕ್ಸ್‌ನದೇ ಒಂದು ರೂಪವೋ? ನಮ್ಮ ಪ್ರಕರಣ ನಡೆಯುವಾಗ ಆ ಪ್ರಶ್ನೆ ಇನ್ನೂ ಬಗೆಹರಿದಿರಲಿಲ್ಲ. ಪ್ರೊಕ್ಯಾಂಬರಸ್ ವರ್ಜಿನಾಲಿಸ್ ಅಂತ ಹೈಡೆಲ್‌ಬರ್ಗ್‌ನ ಫ್ರಾಂಕ್ ಲೀಕೋ ವಿಧಿವತ್ತಾಗಿ ಹೆಸರಿಟ್ಟಿದ್ದು 2017ರ ಕೊನೆಗೆ. ಕಾನೂನು ಮಾತ್ರ ಕಾಯಲಿಲ್ಲ. 2016ರ ಆಗಸ್ಟ್ 3ರಂದು ಯೂರೋಪಿಯನ್ ಒಕ್ಕೂಟದ ಆಕ್ರಮಣಕಾರಿ ಜೀವಿಗಳ ಪಟ್ಟಿ ಜಾರಿಗೆ ಬಂತು. ಅದರಲ್ಲಿ ಐದು ಕ್ರೇಫಿಶ್. ಒಂದರ ಹೆಸರು "ಪ್ರೊಕ್ಯಾಂಬರಸ್ ಫ್ಯಾಲಕ್ಸ್, ರೂಪ ವರ್ಜಿನಾಲಿಸ್". ಮಾರುವಂತಿಲ್ಲ, ಸಾಕುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಹೊರಗೆ ಬಿಡುವಂತಿಲ್ಲ.

ಮಗಳ ಜೀವದ ಗೆಳತಿ ಆರು ವಾರದ ಹಿಂದೆ ಅಪರಾಧವಾಗಿ ಹೋಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏನೇನು ಮಾಡಿದೆವು

ಮೊದಲು ಇದನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ತಿಳಿಸೋಣ ಅಂದೆ. ಅಪ್ಪನಿಗೆ ಅಳುಕು. "ದಂಡ ಹಾಕಿದರೆ ಕಟ್ಟೋಣ. ವೀಸಾಕ್ಕೆ ಏನಾದ್ರೂ ತೊಂದರೆ ಆಗುತ್ತಾ?" ಹೊರದೇಶದಲ್ಲಿ ಬದುಕುವವರಿಗೆ ಈ ಭಯ ಯಾವಾಗಲೂ ಬಾಗಿಲ ಹಿಂದೆ ನಿಂತಿರುತ್ತದೆ, ಬೇರೆಯವರಿಗೆ ಅರ್ಥವಾಗುವುದು ಕಷ್ಟ. ಕೊನೆಗೆ ಹೆಸರು ಹೇಳದೆ ನಾನೇ ಫೋನ್ ಮಾಡಿ ವಿಚಾರಿಸಿದೆ.

ಆ ಕಡೆ ಇದ್ದವರು ಒಳ್ಳೆಯ ಮನುಷ್ಯ. ಕಾನೂನಿನ 31ನೇ ವಿಧಿ ಓದಿ ಹೇಳಿದರು: ಪಟ್ಟಿಗೆ ಸೇರುವ ಮುಂಚೆಯೇ ಸಾಕಿದ್ದ ಪ್ರಾಣಿಯನ್ನು ಅದು ಸಾಯುವವರೆಗೂ ಇಟ್ಟುಕೊಳ್ಳಬಹುದು. ತಪ್ಪಿಸಿಕೊಳ್ಳಬಾರದು, ಮರಿ ಹಾಕಬಾರದು, ಅಷ್ಟೇ. "ಹಾಗಾದ್ರೆ ಒಂದನ್ನು ಇಟ್ಟುಕೊಳ್ಳಲಿ, ಉಳಿದವನ್ನು ನಾವು ನೋಡಿಕೊಳ್ಳೋಣ. ಒಂದೇ ಇದ್ದರೆ ಮರಿ ಆಗಲ್ಲವಲ್ಲ."

ಮಗಳಿಗೆ ಇದು ವರ ಸಿಕ್ಕ ಹಾಗಾಯಿತು. ಯಾವುದನ್ನು ಇಟ್ಟುಕೊಳ್ಳುವುದು ಅಂತ ಅವಳು ಆಗಲೇ ತೀರ್ಮಾನಿಸಿದ್ದಳು. ಉಪ್ಪಿನಕಾಯಿ ಜಾಡಿಯಲ್ಲಿ ಒಂದು ಇತ್ತು, ಹೆಸರು "ಒಂಟಿ ಕೈ". ಉಗುರಿನಷ್ಟು ಇದ್ದಾಗ ಬೇರೆಯವು ಅದರ ಬಲಗೈ ಕಿತ್ತುಹಾಕಿದ್ದವು. ಪಾಪ ಅಂತ ಇವಳು ಬೇರೆ ಮಾಡಿ ಸಾಕಿದ್ದಳು. ಪೊರೆ ಬಿಟ್ಟಾಗಲೆಲ್ಲ ಕೈ ಸ್ವಲ್ಪ ಸ್ವಲ್ಪ ಬೆಳೆದಿತ್ತು. ಪ್ರತಿ ಪೊರೆಯ ತಾರೀಖೂ ಪುಸ್ತಕದಲ್ಲಿದೆ.

ಅವತ್ತು ರಾತ್ರಿ ಆ ಪುಸ್ತಕ ತಿರುವಿ ಹಾಕುತ್ತಿದ್ದೆ. ಆಗಸ್ಟ್ 21ರ ಸಾಲು: "ಒಂಟಿ ಕೈಗೆ ಮೊಟ್ಟೆ ಬಂತು!!"

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಂಬರಿಡೇ ಹೆಣ್ಣುಗಳು ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬಲ್ಲವು. ಹಾಗಾಗಿ ಅಂಗಡಿಯಿಂದ ತಂದ ಒಂಟಿ ಹೆಣ್ಣು ಮೊಟ್ಟೆ ಇಟ್ಟರೆ ಏನೂ ಸಾಬೀತಾಗುವುದಿಲ್ಲ. ಒಂಟಿ ಕೈ ಹಾಗಲ್ಲ. ಉಗುರಿನಷ್ಟು ಇದ್ದಾಗಿನಿಂದ ಜಾಡಿಯಲ್ಲಿ ಒಬ್ಬಳೇ. ಅವಳು ಮೊಟ್ಟೆ ಇಟ್ಟಳು, ಮೊಟ್ಟೆ ಒಡೆದು ಮರಿಗಳೂ ಬಂದವು. ಇದಕ್ಕಿಂತ ಚೊಕ್ಕ ಪ್ರಯೋಗವನ್ನು ನಾನು ಕಾಲೇಜಿನಲ್ಲೂ ಮಾಡಿರಲಿಲ್ಲ.

ಅಂದರೆ ಕಾನೂನು ಕೊಟ್ಟ ವಿನಾಯಿತಿ ಈ ಪ್ರಾಣಿಗೆ ಒಗ್ಗುವುದೇ ಇಲ್ಲ. ಮರಿಯಾಗಲು ಎರಡು ಬೇಕು ಅನ್ನುವ ಲೋಕಕ್ಕೆ ಬರೆದ ಷರತ್ತು ಅದು. ಇಲ್ಲಿ ಒಂದನ್ನು ಉಳಿಸಿದರೆ ಎಲ್ಲವನ್ನೂ ಉಳಿಸಿದ ಹಾಗೆ. ಒಂದು ಸಲಕ್ಕೆ ನೂರಾರು ಮೊಟ್ಟೆ, 700 ದಾಟಿದ್ದೂ ಲೆಕ್ಕ ಇದೆ. ನಾನು ಪುಟದ ಫೋಟೋ ತೆಗೆದು ಕಚೇರಿಗೆ ಕಳಿಸಿದೆ. ಮಾರನೇ ದಿನವೇ ಉತ್ತರ ಬಂತು: ಒಂದೂ ಉಳಿಯುವಂತಿಲ್ಲ. "ಮೊಟ್ಟೆ ಬಂದಾಗಲೆಲ್ಲ ನಾನೇ ಕಿತ್ತು ತೆಗೀತೀನಿ," ಅಂತ ಮಗಳು ಅತ್ತಳು. ನಾನು ಅದನ್ನೂ ಕೇಳಿನೋಡಿದೆ. ಒಂದು ಸಲ ಮರೆತರೆ ಸಾಕಲ್ವಾ ಅಂದರು. ಅವರ ಮಾತು ಸರಿಯಿತ್ತು.

ಕೊಲ್ಲುವುದು ಹೇಗೆ? ಜರ್ಮನಿಯಲ್ಲಿ ಅದಕ್ಕೂ ನಿಯಮ ಇದೆ. ಕೊತಕೊತ ಕುದಿಯುವ ನೀರು, ಇಲ್ಲವೇ ಕರೆಂಟು. ಆ ಮನೆಯವರು ಮೊಟ್ಟೆಯನ್ನೂ ತಿನ್ನದ ಜನ. "ನಮ್ಮ ಅಡುಗೆ ಮನೇಲಿ ಬೇಡ ಸರ್," ಅಂತ ಅಮ್ಮ ಕೈಮುಗಿದರು. ಎಣಿಸಿದಾಗ ಮನೆಯಲ್ಲಿ 64 ಇದ್ದವು, ಮೂರು ಮೊಟ್ಟೆ ಹೊತ್ತವು. ಎಲ್ಲವನ್ನೂ ನಮ್ಮ ಮನೆಗೆ ತಂದು, ಹಬ್ಬದ ಅನ್ನದ ಪಾತ್ರೆಯಲ್ಲಿ ನೀರು ಕುದಿಸಿ, ಒಂದೊಂದಾಗಿ ಹಾಕಿದೆ. ಎರಡು ಗಂಟೆ ಹಿಡಿಯಿತು. ಆ ಪಾತ್ರೆಯಲ್ಲಿ ಆಮೇಲೆ ಅನ್ನ ಮಾಡಿಲ್ಲ.

ಹಂಚಿದ 23ರ ಬೆನ್ನು ಹತ್ತಿದೆವು. 14 ವಾಪಸ್ ಬಂದವು. ಐದು ಸತ್ತಿದ್ದವು. ಮೂರು ಗಾಳಿಯ ಪೈಪ್ ಹತ್ತಿ ತೊಟ್ಟಿಯಿಂದ ಹೊರಬಿದ್ದು ಬೀರುವಿನ ಅಡಿಯಲ್ಲಿ ಒಣಗಿದ್ದವು. ಒಂದರ ಲೆಕ್ಕ ಇವತ್ತಿಗೂ ಸಿಕ್ಕಿಲ್ಲ.

ಬಕೆಟ್

ಎಲ್ಲ ಮುಗಿಯಿತು ಅಂದುಕೊಂಡಾಗ ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಂಕಲ್, ಅಜ್ಜಿ ಬಿಟ್ಟವು ಏನಾಗುತ್ತವೆ?"

ಬೇಸಿಗೆಗೆ ಊರಿಂದ ಅಜ್ಜಿ ಬಂದಿದ್ದರು. ಮಲೆನಾಡಿನವರು. ಬಕೆಟ್‌ನಲ್ಲಿ ಒಂದನ್ನೊಂದು ಕಿತ್ತು ತಿನ್ನುವ ಮರಿಗಳನ್ನು ನೋಡಲಾಗದೆ, "ಕೆರೆಗೆ ಬಿಟ್ಟುಬಿಡಿ, ಬದುಕ್ಕೊಳ್ಳಲಿ, ಪುಣ್ಯ ಬರುತ್ತೆ" ಅಂದಿದ್ದರು. ಆಗಸ್ಟ್ ಕೊನೆಯಲ್ಲಿ, ವಾಪಸ್ ಹೊರಡುವ ಮುಂಚೆ, ಮಗನ ಜೊತೆ ವಾಕಿಂಗ್ ಹೋದಾಗ ಒಂದು ಬಕೆಟ್ ಮರಿಗಳನ್ನು ಊರಾಚೆಯ ಕೆರೆಗೆ ಸುರಿದು ಬಂದಿದ್ದರು. ಸುಮಾರು ಮೂವತ್ತು. ಜಲ್ಲಿ ತೆಗೆದು ಬಿಟ್ಟ ಗುಂಡಿ ಅದು, ಅಂತರ್ಜಲ ತುಂಬಿ ಕೆರೆಯಾಗಿದೆ. ರೈನ್ ಬಯಲಲ್ಲಿ ಇಂಥವು ಬೇಕಾದಷ್ಟಿವೆ.

ಅಪ್ಪನಿಗೆ ಇದು ಮೊದಲ ದಿನದಿಂದ ಗೊತ್ತಿತ್ತು. ಹೇಳಿರಲಿಲ್ಲ. ನಾನು ರೇಗಲಿಲ್ಲ, ರೇಗಿದ್ದರೆ ಮಗಳು ಇನ್ನೊಮ್ಮೆ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಪ್ಪನನ್ನು ಕೂರಿಸಿಕೊಂಡು ಒಂದು ಉದಾಹರಣೆ ಹೇಳಿದೆ. ಫ್ರೈಬುರ್ಗ್‌ನ ಮೋಸ್‌ವೈಯರ್ ಕೆರೆಯಲ್ಲಿ ಇದೇ ಪ್ರಾಣಿ ನೆಲೆ ಊರಿದ್ದನ್ನು 2010ರಲ್ಲೇ ವರದಿ ಮಾಡಿದ್ದಾರೆ. ಚಳಿಗಾಲ ಅದನ್ನು ಕೊಲ್ಲಲಿಲ್ಲ. ಮಡಗಾಸ್ಕರ್‌ನಲ್ಲಂತೂ ಜನ ತಿನ್ನಲು, ಮಾರಲು ಹೊತ್ತೊಯ್ದು ಗದ್ದೆಗದ್ದೆಗೂ ಹರಡಿದೆ. ಅಲ್ಲಿ ಬೇರೆಲ್ಲೂ ಇಲ್ಲದ ಏಳು ಸ್ವಂತ ಕ್ರೇಫಿಶ್ ಪ್ರಭೇದಗಳಿವೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಫೋನ್ ಮಾಡ್ತೀನಿ," ಅಂದರು. ಮಾಡಿದರು. ದಂಡ ಬೀಳಲಿಲ್ಲ, ವೀಸಾ ಮಾತೂ ಬರಲಿಲ್ಲ.

ಆದರೆ ಅಷ್ಟರಲ್ಲಿ ಅಕ್ಟೋಬರ್ ಬಂದಿತ್ತು. ಸೆಪ್ಟೆಂಬರ್‌ನ ಬೆಚ್ಚನೆಯ ಮೂರು ವಾರ ಹೋಗಿಬಿಟ್ಟಿತ್ತು. ಮೀನು ಹಿಡಿಯುವವರ ಸಂಘದವರು ಬಲೆಬುಟ್ಟಿಗಳನ್ನು ಇಳಿಸಿದರು. ಮಲೆನಾಡಿನ ಕೂಳಿಯ ಹಾಗೇ, ಒಳಗೆ ಹೋದದ್ದು ಹೊರಬರದಂಥವು. ನೀರು ತಣ್ಣಗಾದರೆ ಕ್ರೇಫಿಶ್ ಓಡಾಟ ಕಮ್ಮಿ ಮಾಡುತ್ತದೆ. ಸಿಕ್ಕಿದ್ದು ಏಳು, ಏಳೂ ಸ್ಪೈನಿ-ಚೀಕ್. ನಾನು ಫೋಟೋದಲ್ಲಿ ಕಂಡೆ ಅಂದುಕೊಂಡಿದ್ದ ಅದೇ ಪ್ರಾಣಿ.

ಚಳಿಗಾಲದಲ್ಲಿ ಸತ್ತಿರಬಹುದು ಅಂತ ಎಲ್ಲರೂ ಆಸೆ ಇಟ್ಟುಕೊಂಡೆವು. 2017ರ ಜುಲೈನಲ್ಲಿ ಎರಡು ಮಾರ್ಬಲ್ಡ್ ಬುಟ್ಟಿಗೆ ಬಿದ್ದವು. ಒಂದರ ಬಾಲದಡಿ ಮೊಟ್ಟೆ.

ದಿಕ್ಕು ಬದಲಿಸಿದ್ದು

ಆ ಬೇಸಿಗೆಯ ಸಭೆಯಲ್ಲಿ ಮೊದಲ ಅರ್ಧ ಗಂಟೆ ಎಲ್ಲರೂ ಕೇಳಿದ್ದು ಒಂದೇ: ಹೇಗೆ ನಿರ್ನಾಮ ಮಾಡುವುದು? ಕೆರೆ ಬತ್ತಿಸಲು ಆಗದು, ಅಂತರ್ಜಲ. ವಿಷ ಹಾಕುವ ಹಾಗಿಲ್ಲ, ಅದೇ ಕಾರಣ. ಬುಟ್ಟಿಗೆ ದೊಡ್ಡವು ಬೀಳುತ್ತವೆ, ಬೆರಳುಗಾತ್ರದವು ತೂರಿಹೋಗುತ್ತವೆ. ಬೇರೆ ಪ್ರಾಣಿಯಾಗಿದ್ದರೆ ಸಂಖ್ಯೆ ತೀರಾ ಇಳಿದಾಗ ಗಂಡಿಗೆ ಹೆಣ್ಣು ಸಿಗದೆ ಸಂತತಿ ತಾನಾಗಿ ಕುಸಿಯಬಹುದು. ಇಲ್ಲಿ ಆ ಆಸೆಯೂ ಇಲ್ಲ. ಕೊನೆಯ ಒಂದು ಉಳಿದರೂ ಅದು ಮೊದಲನೆಯದೇ.

ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಗಾಳಗಾರರೊಬ್ಬರು ಬೇರೆ ಪ್ರಶ್ನೆ ಕೇಳಿದರು. "ಎರಡು ಕಿಲೋಮೀಟರ್ ಮೇಲಿನ ಹಳ್ಳದ ಕಲ್ಲುಕ್ರೇಫಿಶ್ ಕತೆ ಏನು?" ಯೂರೋಪಿನದೇ ಸಣ್ಣ ಪ್ರಭೇದ ಅದು, ತಣ್ಣನೆಯ ಹಳ್ಳಗಳಲ್ಲಿ ಕಲ್ಲಿನಡಿ ಬದುಕುತ್ತದೆ, ಕಾನೂನಿನ ರಕ್ಷಣೆ ಇದೆ. ಪ್ಲೇಗ್ ತಗುಲಿದರೆ ಮುಗೀತು. ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. ಕೆರೆಯನ್ನು ಗೆಲ್ಲುವ ಯೋಚನೆ ಬಿಟ್ಟು, ಹಳ್ಳವನ್ನು ಉಳಿಸುವ ಯೋಚನೆಗೆ ಬಂದೆವು. ಕೆರೆಯ ಬಲೆ, ಬೂಟು, ಬಕೆಟ್ ಹಳ್ಳಕ್ಕೆ ಹೋಗಬಾರದು, ಹೋಗಲೇಬೇಕಾದರೆ ಪೂರ್ತಿ ಒಣಗಿರಬೇಕು. ಗಾಳಕ್ಕೆ ಸಿಕ್ಕಿಸಲು ಅಂತ ಕೆರೆಯಿಂದ ಕ್ರೇಫಿಶ್ ಹಿಡಿದು ಒಯ್ಯಬಾರದು. ಕೆರೆಯ ಹಾವುಮೀನು, ಪೈಕ್, ಪರ್ಚ್ ಮೀನುಗಳನ್ನು ಜಾಸ್ತಿ ಹಿಡಿಯಬಾರದು, ಅವು ಮರಿಗಳನ್ನು ತಿನ್ನುತ್ತವೆ. ಬುಟ್ಟಿ ಇಡುವುದನ್ನು ನಿಲ್ಲಿಸಲಿಲ್ಲ, ಅದರ ಮೇಲೆ ಆಸೆಯನ್ನೂ ಇಡಲಿಲ್ಲ.

ಈಗ ಯಾರಾದರೂ ಇಂಥ ಪ್ರಕರಣ ತಂದರೆ ನಾನು ಮೊದಲು ಕೇಳುವುದು "ಎಷ್ಟಿವೆ?" ಅಂತ ಅಲ್ಲ, "ಯಾರ್ಯಾರಿಗೆ ಕೊಟ್ಟಿರಿ, ಎಲ್ಲಿ ಬಿಟ್ಟಿರಿ?" ಅಂತ. ಅದನ್ನೂ ಬೈಯುವ ದನಿಯಲ್ಲಿ ಕೇಳುವುದಿಲ್ಲ. ಹೊಟ್ಟೆಯ ಫೋಟೋ ಇಲ್ಲದೆ ಹೆಸರು ಹೇಳುವುದಿಲ್ಲ. ಬೆಂಗಳೂರಿನ ಗೆಳೆಯರು ಅಂಗಡಿಯಲ್ಲಿ "ಲಾಬ್‌ಸ್ಟರ್" ಕಂಡು ಆಸೆಪಟ್ಟಾಗ ಒಂದೇ ಮಾತು ಹೇಳುತ್ತೇನೆ: ಅಂಗಡಿಯವರಿಗೆ ಪೂರ್ತಿ ಹೆಸರು ಗೊತ್ತಿಲ್ಲದಿದ್ದರೆ ತರಬೇಡಿ. ಅಕ್ವೇರಿಯಂನ ಪಾಚಿ ತಿನ್ನಲಿ ಅಂತ ಸಾಕುವ ಟ್ಯಾಂಕ್ ಕ್ಲೀನರ್ ಮೀನು ನಮ್ಮ ಕೆರೆಗಳಿಗೆ ಬಂದದ್ದು ಹೇಗೆ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜಿಗೆ ಏನು ಹೇಳಬೇಕಿತ್ತು ಅನ್ನುವುದು ಮಾತ್ರ ನನಗೆ ಇನ್ನೂ ಹೊಳೆದಿಲ್ಲ. ಅವರಿಗೆ ಈ ವಿಷಯ ತಿಳಿಸಬೇಡಿ ಅಂತ ಮನೆಯವರು ಕೇಳಿಕೊಂಡರು. ತಿಳಿಸಿಲ್ಲ.

2019ರ ಅಕ್ಟೋಬರ್‌ನಲ್ಲಿ ಹಳ್ಳದ ವರ್ಷದ ತಪಾಸಣೆಗೆ ನಾನೂ ಹೋಗಿದ್ದೆ. ರಾತ್ರಿ ಟಾರ್ಚ್ ಹಿಡಿದು ಮೆಲ್ಲಗೆ ನಡೆಯುವ ಕೆಲಸ. ಟಾರ್ಚ್ ಹಿಡಿದಿದ್ದವಳು ಅದೇ ಹುಡುಗಿ, ಆಗ ಹದಿಮೂರು. ಬೂಟು ಒಂದು ವಾರ ಬಾಲ್ಕನಿಯಲ್ಲಿ ಒಣಗಿಸಿದ್ದೇನೆ ಅಂತ ಕೇಳುವ ಮುಂಚೆಯೇ ಹೇಳಿದಳು. ಅನುಮತಿ ಇದ್ದ ಅಧಿಕಾರಿ ಕಲ್ಲೊಂದನ್ನು ಸರಿಸಿ ಒಂದು ಕ್ರೇಫಿಶ್ ಎತ್ತಿದರು. ಕತ್ತಲಲ್ಲಿ ಬಣ್ಣ ತಿಳಿಯುವಂತಿರಲಿಲ್ಲ. ಅವರು ಅದನ್ನು ಬೆನ್ನಡಿ ಮಾಡಿ ಬೆಳಕಿಗೆ ಹಿಡಿದರು. ಹುಡುಗಿ ಬಗ್ಗಿ ನೋಡಿದಳು. ಕಾಲುಗಳ ನಡುವೆ ಎರಡು ಜೊತೆ ಕಡ್ಡಿಗಳು, ಮುಂದಕ್ಕೆ ಚಾಚಿದ್ದವು.

"ಗಂಡು!" ಅಂತ ಕಿರುಚಿದಳು. ಆ ಕಡೆ ದಡದಲ್ಲಿ ಯಾರದೋ ನಾಯಿ ಬೊಗಳಲು ಶುರುಮಾಡಿತು.